ಶೋಪನ್‌ನಿಂದ ಪಾಪ್‌ವರೆಗೆ: ಕೇಳಿದ್ದನ್ನೇ ಕೇಳುವವರಿಗೆ

ಪಾಶ್ಚಾತ್ಯ ಸಂಗೀತದ ಬಗ್ಗೆ ಮತ್ತದೇ ಪ್ರಶ್ನೆಗಳು. ಒಂದಕ್ಕೆ ಉದ್ದವಾಗಿ ಉತ್ತರಿಸುತ್ತೇನೆ, ಉಳಿದವಕ್ಕೆ ಅಷ್ಟು ತಾಳ್ಮೆ ಇಲ್ಲ.

ಹೊಟ್ಟೆಯಲ್ಲಿರುವ ಮಗುವಿಗೆ ಮೊಜಾರ್ಟ್ ಕೇಳಿಸಿದರೆ ಬುದ್ಧಿ ಚುರುಕಾಗುತ್ತಂತೆ. ಯಾವ ಸಿಡಿ ಕೊಳ್ಳಲಿ?

ಯಾವುದೂ ಬೇಡ. ಈ ನಂಬಿಕೆ ಹುಟ್ಟಿಸಿದ 1993ರ ಪ್ರಯೋಗ ನಡೆದದ್ದು ಕಾಲೇಜು ಓದುವವರ ಮೇಲೆ. ಒಂದು ಬಗೆಯ ಪರೀಕ್ಷೆಯಲ್ಲಿ ಹತ್ತು ಹದಿನೈದು ನಿಮಿಷದ ಮಟ್ಟಿಗೆ ಸ್ವಲ್ಪ ಜಾಸ್ತಿ ಅಂಕ ಬಂತು, ಅಷ್ಟೇ. ಹೊಟ್ಟೆಯ ಕೂಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಇದನ್ನು ಬಸುರಿಯರಿಗೆ ಮಾರುವವರಿಗೆ ನಾಚಿಕೆ ಆಗಬೇಕು.

ಶೂಬರ್ಟ್, ಶೋಪನ್ ಕಾಲದ, ಅಂದರೆ 19ನೇ ಶತಮಾನದ ಯುರೋಪಿನ ರೊಮ್ಯಾಂಟಿಕ್ ಸಂಗೀತ ಎಷ್ಟು ಚೆನ್ನಾಗಿತ್ತು! ಅದೇ ಇಳಿಯುತ್ತಾ ಇಳಿಯುತ್ತಾ ಇವತ್ತಿನ ಮೂರು ನಿಮಿಷದ ಪಾಪ್ ಹಾಡಾಯ್ತು, ಅಲ್ವಾ?

ಅಲ್ಲ. ಮೊದಲು ಈ ಇಳಿಯುವ ಮಾತು ಬಿಡಿ. ಶೂಬರ್ಟ್ 31ನೇ ವಯಸ್ಸಿಗೆ ತೀರಿಕೊಂಡ. ಅಷ್ಟರಲ್ಲಿ 600ಕ್ಕೂ ಹೆಚ್ಚು ಹಾಡು ಮಾಡಿದ್ದ. ಅವುಗಳಲ್ಲಿ ಎರಡು, ಮೂರು ನಿಮಿಷದವು ಬೇಕಾದಷ್ಟಿವೆ. ಒಬ್ಬ ಗಾಯಕ, ಒಂದು ಪಿಯಾನೊ, ಗೆಳೆಯರ ಮನೆಯ ಕೋಣೆ. ಚಿಕ್ಕ ಹಾಡು ಕಳಪೆ ಅನ್ನುವುದಾದರೆ ಮೊದಲು ಅವನನ್ನೇ ಹೊರಗೆ ಹಾಕಬೇಕು.

ಅಪೆರಾ ಕಡೆ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ ಕಡೆ ಹೋದ ರೊಮ್ಯಾಂಟಿಕ್ ಸಂಗೀತ ಮಾತ್ರ ಉಬ್ಬುತ್ತಲೇ ಹೋಯಿತು. 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ವಾಗ್ನರ್‌ನ 'ರಿಂಗ್' ಅನ್ನುವ ನಾಲ್ಕು ಅಪೆರಾಗಳ ಸರಣಿ ಪೂರ್ತಿ ಆಡಿದಾಗ ನಾಲ್ಕು ದಿನದ ಆಟವಾಯಿತು. ಅದರಲ್ಲಿ ಕತ್ತಿಗೊಂದು, ಉಂಗುರಕ್ಕೊಂದು, ಪಾತ್ರಕ್ಕೊಂದು ಪುಟ್ಟ ಸ್ವರಗುಚ್ಛ. ಅದು ಕೇಳಿಸಿದರೆ ಸಾಕು, ವೇದಿಕೆಯ ಮೇಲೆ ಇಲ್ಲದವರೂ ನೆನಪಿಗೆ ಬರುತ್ತಾರೆ. ಈ ಉಪಾಯ ಎಲ್ಲಿಗೆ ಹೋಯಿತು ಗೊತ್ತಾ? ವಿಯೆನ್ನಾದಲ್ಲಿ ಹುಟ್ಟಿದ ಮ್ಯಾಕ್ಸ್ ಸ್ಟೈನರ್ ಅದನ್ನು 1933ರ 'ಕಿಂಗ್ ಕಾಂಗ್' ಸಿನಿಮಾಕ್ಕೆ ತಂದ. ಅದೇ ಉಪಾಯ ಹಿಡಿದ ಇನ್ನೊಬ್ಬ ಸಿನಿಮಾ ಸಂಗೀತಗಾರ, ವಿಯೆನ್ನಾದಲ್ಲೇ ಬೆಳೆದ ಕಾರ್ನ್‌ಗೋಲ್ಡ್ ಯಹೂದಿ. 1938ರಲ್ಲಿ ಆಸ್ಟ್ರಿಯಾ ಹಿಟ್ಲರ್ ಕೈ ಸೇರಿದ ಮೇಲೆ ಹಾಲಿವುಡ್‌ನಲ್ಲೇ ಉಳಿದುಬಿಟ್ಟ. 1977ರ 'ಸ್ಟಾರ್ ವಾರ್ಸ್'ಗೆ ಜಾನ್ ವಿಲಿಯಮ್ಸ್ ಹಿಡಿದದ್ದೂ ಅದೇ ದಾರಿ. ದೊಡ್ಡ ರೊಮ್ಯಾಂಟಿಕ್ ಆರ್ಕೆಸ್ಟ್ರಾದ ಆಸ್ತಿ ಹೋದದ್ದು ಪಾಪ್‌ಗಲ್ಲ, ಸಿನಿಮಾಕ್ಕೆ.

ಪಾಪ್‌ನ ಬೇರು ಇರುವುದು ಅಮೆರಿಕದ ಕಪ್ಪು ಜನರ ಸಂಗೀತದಲ್ಲಿ. ಅದನ್ನು ಬಿಟ್ಟು ಬೀಥೋವನ್‌ನಿಂದ ಸೀದಾ ಬೀಟಲ್ಸ್‌ಗೆ ಗೆರೆ ಎಳೆಯುವ ಯೂಟ್ಯೂಬ್ ಪಂಡಿತರನ್ನು ಕಂಡರೆ ನನಗೆ ಮೈ ಉರಿಯುತ್ತದೆ. 1899ರಲ್ಲಿ ಅಚ್ಚಾದ ಪಿಯಾನೊ ಕೃತಿ, ಕಪ್ಪು ಸಂಗೀತಗಾರ ಸ್ಕಾಟ್ ಜಾಪ್ಲಿನ್‌ನ 'ಮೇಪಲ್ ಲೀಫ್ ರ‍್ಯಾಗ್' ಕೇಳಿ. ಎಡಗೈ ಬ್ಯಾಂಡ್‌ನವರ ಮಾರ್ಚ್ ಹಾಗೆ ನೆಟ್ಟಗೆ ನಡೆಯುತ್ತದೆ. ಬಲಗೈ ಬೇಕೆಂದೇ ಆ ಪೆಟ್ಟು ತಪ್ಪಿಸಿ, ಎರಡು ಪೆಟ್ಟಿನ ನಡುವೆ ಒತ್ತು ಕೊಡುತ್ತದೆ. ಕಾಲು ಕುಣಿಯುವುದು ಅದಕ್ಕೇ. 1920ರಲ್ಲಿ ಕಪ್ಪು ಗಾಯಕಿ ಮೇಮಿ ಸ್ಮಿತ್ ಹಾಡಿದ 'ಕ್ರೇಜಿ ಬ್ಲೂಸ್' ಭರ್ಜರಿಯಾಗಿ ಮಾರಾಟವಾಯಿತು, ಆಮೇಲೆ ರೆಕಾರ್ಡ್ ಕಂಪನಿಗಳೇ ಕಪ್ಪು ಗಾಯಕಿಯರನ್ನು ಹುಡುಕಿಕೊಂಡು ಹೊರಟವು. ರಾಕ್ ಅಂಡ್ ರೋಲ್ ತನಕದ ದಾರಿ ಅಲ್ಲಿಂದ.

ಇನ್ನು ಆ ಮೂರು ನಿಮಿಷ. ಅದು ಯಾರ ಸೋಮಾರಿತನವೂ ಅಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ 10 ಇಂಚಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದೇ ಅಷ್ಟು. ಆಮೇಲೆ ರೇಡಿಯೊಗೂ ಅದೇ ಅಳತೆ ರೂಢಿಯಾಯಿತು.

ದನಿ ಬದಲಾದದ್ದೂ ಯಂತ್ರದಿಂದಲೇ. 1925ರ ಸುಮಾರಿಗೆ ರೆಕಾರ್ಡಿಂಗ್‌ಗೆ ಮೈಕ್ ಬಂತು. ಅದಕ್ಕೆ ಮೊದಲು ದೊಡ್ಡ ಕೊಳವೆಯ ಬಾಯಿಗೆ ಮುಖ ಕೊಟ್ಟು ಹಾಡಬೇಕಿತ್ತು. ಮೇಲಿನ ಸ್ವರ ಜೋರಾಗಿ ಬರುವಾಗ ಗಾಯಕರು ಹಿಂದೆ ಸರಿಯಬೇಕು, ಇಲ್ಲದಿದ್ದರೆ ಧ್ವನಿ ಒಡೆದು ಕೇಳುತ್ತಿತ್ತು. ಡಬಲ್ ಬಾಸ್ ಅನ್ನುವ ದೊಡ್ಡ ತಂತಿವಾದ್ಯ ಸರಿಯಾಗಿ ಕೇಳಿಸದು ಅಂತ ಆ ಜಾಗದಲ್ಲಿ ಟ್ಯೂಬಾ ಅನ್ನುವ ದೊಡ್ಡ ಹಿತ್ತಾಳೆ ಕೊಳವೆ ಊದಿಸುತ್ತಿದ್ದರು. ಮೈಕ್ ಬಂದ ಮೇಲೆ ಅಮೆರಿಕದ ಗಾಯಕ ಬಿಂಗ್ ಕ್ರಾಸ್ಬಿ ಗಂಟಲು ಬಿಗಿಯದೆ ಮೆತ್ತಗೆ ಹಾಡಿದ. ಅಪೆರಾದವರ ಎದೆಯಿಂದ ಗುಡುಗುವ ಗಂಟಲು ಆ ಕೆಲಸಕ್ಕೆ ಬೇಕಾಗಲೇ ಇಲ್ಲ.

ಹಾಗಂತ ರೊಮ್ಯಾಂಟಿಕ್‌ಗೂ ಪಾಪ್‌ಗೂ ನಂಟೇ ಇಲ್ಲ ಅನ್ನುತ್ತಿಲ್ಲ. ಪಾಪ್‌ನವರು ಎತ್ತಿಕೊಂಡದ್ದು ಧಾರಾಳವಾಗಿದೆ. ಶೋಪನ್‌ನ 'ಫ್ಯಾಂಟಸಿ ಇಂಪ್ರೊಂಪ್ಚು'ವಿನ ನಡುವಿನ ನಿಧಾನದ ಧಾಟಿಯೇ 1918ರಲ್ಲಿ 'ಐ ಆ್ಯಮ್ ಆಲ್ವೇಸ್ ಚೇಸಿಂಗ್ ರೇನ್‌ಬೋಸ್' ಅನ್ನುವ ಹಾಡಾಯಿತು. ಎರಿಕ್ ಕಾರ್ಮೆನ್ 1975ರ 'ಆಲ್ ಬೈ ಮೈಸೆಲ್ಫ್'ಗೆ ರಾಖ್ಮನಿನೊವ್‌ನ ಎರಡನೇ ಪಿಯಾನೊ ಕಂಚೆರ್ಟೊದಿಂದ (ಪಿಯಾನೊ ಮತ್ತು ಆರ್ಕೆಸ್ಟ್ರಾ ಜೊತೆಗೂಡಿ ನುಡಿಸುವ ದೊಡ್ಡ ಕೃತಿ) ಎತ್ತಿದ. ಆಮೇಲೆ ರಾಖ್ಮನಿನೊವ್ ವಾರಸುದಾರರಿಗೆ ರಾಯಲ್ಟಿ ಕೊಡಬೇಕಾಯಿತು.

432 ಹರ್ಟ್ಜ್ ಸಂಗೀತ ಕಾಯಿಲೆ ವಾಸಿ ಮಾಡುತ್ತಂತೆ, 440 ನಾಝಿಗಳ ಪಿತೂರಿಯಂತೆ?

ಶುದ್ಧ ಬುರುಡೆ. ಶ್ರುತಿ ಕೂಡಿಸಲು ಹಿಡಿಯುವ ಸ್ವರ ಸೆಕೆಂಡಿಗೆ ಎಷ್ಟು ಸಲ ಕಂಪಿಸಬೇಕು ಅನ್ನುವ ಲೆಕ್ಕ ಈ ಹರ್ಟ್ಜ್, ಈಗ ರೂಢಿಯಲ್ಲಿರುವುದು 440. 1859ರಲ್ಲಿ ಫ್ರಾನ್ಸ್ ಕಾನೂನು ಮಾಡಿ 435 ಅಂತ ಇಟ್ಟಿತ್ತು, ಅದಕ್ಕೂ ಮೊದಲು ಊರಿಗೊಂದು ಶ್ರುತಿ. ನಮ್ಮ ಗಾಯಕರು ತಂತಮ್ಮ ಗಂಟಲಿಗೆ ಹೊಂದುವ ಶ್ರುತಿಯಲ್ಲೇ ಹಾಡುತ್ತಾರೆ, ಯಾರಿಗೆ ಏನಾಯಿತು? ಬಿ.ಪಿ. ಇದ್ದರೆ ಡಾಕ್ಟರ ಹತ್ತಿರ ಹೋಗಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಬ್ಲೂಸ್ ಗಿಟಾರ್‌ನ ರಾಬರ್ಟ್ ಜಾನ್ಸನ್ ಸೈತಾನನಿಗೆ ಆತ್ಮ ಮಾರಿದ್ದು ನಿಜವೇ?

ಇದೇ ಕಥೆ ಅವನಿಗಿಂತ ನೂರು ವರ್ಷ ಮೊದಲೇ ಪಿಟೀಲು ವಾದಕ ಪಗಾನಿನಿಗೂ ಕಟ್ಟಿದ್ದರು, ಸಾಕಲ್ಲ.

ನಮ್ಮ ಕಡೆಗೂ ಈ ಪಾಶ್ಚಾತ್ಯ ಸಂಗೀತಕ್ಕೂ ಏನಾದರೂ ಸಂಬಂಧ ಉಂಟಾ?

ಈ ಪ್ರಶ್ನೆ ಯಾರೂ ಮೊದಲು ಕೇಳುವುದಿಲ್ಲ ಅನ್ನುವುದೇ ನನ್ನ ಸಿಟ್ಟು. ರೊಮ್ಯಾಂಟಿಕ್ ಧಾಟಿ ಹಳತಾಯಿತು ಅಂತ ಯುರೋಪು ಮೂಗು ಮುರಿಯುತ್ತಿದ್ದಾಗಲೂ ಅದನ್ನು ಬಿಡದೆ ಬರೆಯುತ್ತಿದ್ದ ರಷ್ಯದ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಲಂಡನ್‌ನಲ್ಲಿ ರೆಕಾರ್ಡ್ ಮಾಡಿಸಲು ಹಣ ಕೊಟ್ಟವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. ಮೆಟ್ನರ್ ತನ್ನ ಮೂರನೇ ಪಿಯಾನೊ ಕಂಚೆರ್ಟೊವನ್ನು ಅರ್ಪಿಸಿದ್ದೂ ಅವರಿಗೇ. 1950ರಲ್ಲಿ ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್‌ನ 'ಕೊನೆಯ ನಾಲ್ಕು ಹಾಡುಗಳು' ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿಸಿದಾಗಲೂ ಖರ್ಚಿಗೆ ಬೆನ್ನಾಗಿ ನಿಂತವರು ಇವರೇ. ಹುಡುಕಿ ಕೇಳಿ, ಮೆಟ್ನರ್‌ನಿಂದಲೇ ಶುರು ಮಾಡಿ.