ಕೂಳೆ ಸುಡುವುದು ಬರೀ ಹಟ ಅಲ್ಲ

ದಂಡ ಹಾಕಿದರೂ ಪಂಜಾಬಿನ ರೈತರು ಭತ್ತದ ಕೂಳೆ ಸುಡುವುದನ್ನು ಯಾಕೆ ಬಿಡುವುದಿಲ್ಲ ಅಂತ ಕೇಳಿದ್ದೀರಿ. ಸುಮ್ನೆ ಲೆಕ್ಕ ಹಾಕಿ ನೋಡಿ. ಬೆಂಬಲ ಬೆಲೆಗೆ ಸರ್ಕಾರವೇ ಭತ್ತ ಕೊಳ್ಳುತ್ತದೆ, ಪಂಪ್‌ಸೆಟ್‌ಗೆ ಕರೆಂಟ್ ಪುಕ್ಕಟೆ, ಹಾಗಿರುವಾಗ ಬೇರೆ ಬೆಳೆ ಯಾರು ಹಾಕುತ್ತಾರೆ? ನೀರು ಹೆಚ್ಚು ಬೇಡುವ ಭತ್ತಕ್ಕೆ ಪಂಪ್ ಓಡಿಸಿ ಓಡಿಸಿ ಅಂತರ್ಜಲ ಪಾತಾಳಕ್ಕಿಳಿಯಿತು. ಅದನ್ನು ಉಳಿಸಲು 2009ರಲ್ಲಿ ಕಾಯ್ದೆ ತಂದು, ಮಳೆಗೆ ಮುಂಚಿನ ಬಿಸಿಲಲ್ಲಿ ನೀರು ಆವಿಯಾಗಿ ಹೋಗದಿರಲಿ ಅಂತ, ಜೂನ್ 10ಕ್ಕೆ ಮೊದಲು ನಾಟಿ ಮಾಡುವಂತಿಲ್ಲ ಎಂದರು. ನೀರಿನ ಮಟ್ಟಿಗೆ ಸರಿಯೇ, ಆದರೆ ಕೊಯ್ಲೂ ಹಿಂದಕ್ಕೆ ಹೋಗಿ ಗೋಧಿ ಬಿತ್ತಲು ಉಳಿದದ್ದು ಎರಡು ಮೂರು ವಾರ, ಯಂತ್ರ ಕೊಯ್ದ ಮೇಲೆ ಕೂಳೆ ಗದ್ದೆಯಲ್ಲೇ ನಿಂತಿರುತ್ತದೆ, ತೆಗೆಸಲು ಡೀಸೆಲ್, ಬಾಡಿಗೆ ಎಲ್ಲಾ ಜಾಸ್ತಿ. ಬೆಂಕಿಕಡ್ಡಿಗೆ ಎಷ್ಟು ಖರ್ಚು? ಅದೂ ಗಾಳಿ ಕಡಿಮೆಯಾಗುವ ಹೊತ್ತಿಗೇ ಸುಡುತ್ತಾರೆ, ಹಾಗಾಗಿ ಹೊಗೆ ಚದುರದೆ ದೆಹಲಿಯವರೆಗೂ ಕವಿಯುತ್ತದೆ. (ದೆಹಲಿಯ ಹೊಗೆಗೆ ಗಾಡಿಗಳು, ದೂಳು ಕೂಡ ಕಾರಣ, ಎಲ್ಲ ರೈತರ ತಲೆಗೆ ಕಟ್ಟಬೇಡಿ.) ಬೇಳೆಕಾಳಿಗೂ ಭತ್ತದಷ್ಟೇ ಖರೀದಿ ಗ್ಯಾರಂಟಿ ಸಿಕ್ಕಿದರೆ ಭತ್ತ ಬಿಡುವವರು ಇದ್ದಾರೆ, ಅಲ್ವಾ?