ಪಾತ್ರೆ ತಳ ಮಸಿ ಹಿಡಿದರೆ ಬೈಯಬೇಕಾದ್ದು ಸಿಲಿಂಡರನ್ನಲ್ಲ

ಪ್ರಶ್ನೆ: ನಮ್ಮದು ಮೂರು ಬರ್ನರಿನ ಒಲೆ, ತಂದು ಆರು ವರ್ಷವಾಯಿತು. ಎರಡು ತಿಂಗಳಿಂದ ದೊಡ್ಡ ಬರ್ನರ್ ಹಳದಿಯಾಗಿ ಉರಿಯುತ್ತಿದೆ, ಕುಕ್ಕರಿನ ತಳವೆಲ್ಲ ಮಸಿ. ಸಿಲಿಂಡರಿನಲ್ಲೇ ಏನೋ ಬೆರಕೆ ಎನ್ನುತ್ತಾರೆ ನಮ್ಮತ್ತೆ. ಯಜಮಾನರು ಸೇಫ್ಟಿ ಪಿನ್ ಹಾಕಿ ಜೆಟ್ ಚುಚ್ಚಿದರು. ಆಮೇಲೆ ಉರಿ ಇನ್ನೂ ಹಳದಿಯಾಗಿದೆ. ಹೊಸ ಒಲೆಯೇ ತರಬೇಕೇ?
— ಗೃಹಿಣಿ, ಹಾಸನ

ಉತ್ತರ: ಹೊಸ ಒಲೆ ಬೇಡ. ನಿಮ್ಮ ಅತ್ತೆಯವರ ಅನುಮಾನಕ್ಕೆ ಉತ್ತರ ಒಲೆಯ ಮೇಲೆಯೇ ಇದೆ. ಉಳಿದ ಎರಡು ಬರ್ನರ್ ಹಚ್ಚಿ ನೋಡಿ. ಅವು ನೀಲಿಯಾಗಿ ಉರಿದರೆ ಗ್ಯಾಸಿನದ್ದೇನೂ ತಪ್ಪಿಲ್ಲ. ಮೂರಕ್ಕೂ ಬರುವುದು ಒಂದೇ ಸಿಲಿಂಡರಿನ ಗ್ಯಾಸು ತಾನೆ?

ಉರಿ ನೀಲಿಯಾಗಬೇಕಾದರೆ ಗ್ಯಾಸಿನ ಜೊತೆ ಸಾಕಷ್ಟು ಗಾಳಿ ಬೆರೆಯಬೇಕು. ಒಲೆಯನ್ನು ಮಗುಚಿದರೆ ನಾಬಿನ ಹಿಂದೆ ಹಿತ್ತಾಳೆಯ ಒಂದು ಪುಟ್ಟ ಮೂತಿ ಕಾಣುತ್ತದೆ, ಅದೇ ಜೆಟ್. ಅದರ ತೂತು ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಅಷ್ಟು ಸಣ್ಣ ತೂತಿನಿಂದ ಗ್ಯಾಸು ರಭಸವಾಗಿ ಹೊರಬರುವಾಗ ಸುತ್ತಲಿನ ಗಾಳಿಯನ್ನು ಎಳೆದುಕೊಂಡೇ ಮುಂದಿನ ಕೊಳವೆಗೆ ನುಗ್ಗುತ್ತದೆ. ಎರಡೂ ಅಲ್ಲಿ ಬೆರೆತು ಬರ್ನರಿನ ತೂತುಗಳಲ್ಲಿ ಉರಿಯುತ್ತವೆ. ಗಾಳಿ ಸಾಲದಿದ್ದರೆ ಇಂಗಾಲ ಪೂರ್ತಿ ಉರಿಯದೆ ಕೆಂಡದ ಕಣವಾಗಿ ಹೊಳೆಯುತ್ತದೆ. ನಿಮಗೆ ಕಾಣುವ ಹಳದಿ ಅದೇ, ಕುಕ್ಕರಿಗೆ ಮೆತ್ತಿಕೊಳ್ಳುವ ಮಸಿಯೂ ಅದೇ.

ಗಾಳಿಗೆ ಅಡ್ಡವಾಗುವುದು ಸಾಮಾನ್ಯವಾಗಿ ಉಕ್ಕಿದ ಹಾಲು, ಸೋರಿದ ದೋಸೆ ಹಿಟ್ಟು, ಗಂಜಿ. ಮನೆಗೆ ಬೀಗ ಹಾಕಿ ಒಂದು ತಿಂಗಳು ಊರಿಗೆ ಹೋಗಿಬಂದವರ ಒಲೆಯಲ್ಲಿ ಜೇಡರ ಬಲೆ, ಜಿರಳೆ ಸಂಸಾರವನ್ನೂ ಕಂಡಿದ್ದೇನೆ.

ಇನ್ನು ಪಿನ್ನಿನ ವಿಷಯ. ನಿಮ್ಮ ಯಜಮಾನರೊಬ್ಬರೇ ಅಲ್ಲ, ನನ್ನ ಅಂಗಡಿಗೆ ಬರುವ ಒಲೆಗಳಲ್ಲಿ ಅರ್ಧದಷ್ಟನ್ನು ಯಾರೋ ಒಬ್ಬರು ಚುಚ್ಚಿಯೇ ಕಳಿಸಿರುತ್ತಾರೆ. ಜೆಟ್ ಬಿಚ್ಚಿ ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಹೊಸದರ ತೂತು ಸೂಜಿಮೊನೆಯಷ್ಟು, ದುಂಡಗೆ. ಚುಚ್ಚಿಸಿಕೊಂಡದ್ದು ಹರಳೆಣ್ಣೆ ಬೀಜದ ಹಾಗೆ ಉದ್ದಕ್ಕೆ ಎಳೆದುಕೊಂಡಿರುತ್ತದೆ. ಹಿತ್ತಾಳೆ ಮೆತ್ತನೆಯ ಲೋಹ, ಉಕ್ಕಿನ ಪಿನ್ನಿಗೆ ಅದೊಂದು ಲೆಕ್ಕವಲ್ಲ. ತೂತು ದೊಡ್ಡದಾದರೆ ಗ್ಯಾಸು ಹೆಚ್ಚು ಬರುತ್ತದೆ, ಗಾಳಿ ಅಷ್ಟೇ ಇರುತ್ತದೆ. ಹಾಗಾಗಿ ಹಳದಿ ಹೆಚ್ಚಾಯಿತು. ಅದೇ ಅಳತೆಯ ಹೊಸ ಜೆಟ್ ಹಾಕಿಸಿ, ಒಲೆಯ ಬೆಲೆಯ ಮುಂದೆ ಅದರ ಖರ್ಚು ಏನೂ ಅಲ್ಲ.

ಬರ್ನರನ್ನು ಮಾತ್ರ ನೀವೇ ತೊಳೆಯಬಹುದು. ರೆಗ್ಯುಲೇಟರ್ ಆಫ್ ಮಾಡಿ, ಬರ್ನರ್ ಆರಿದ ಮೇಲೆ ಎತ್ತಿಕೊಳ್ಳಿ. ಹಿತ್ತಾಳೆಯದಾದರೆ ಹುಣಸೆಹಣ್ಣು ಕಿವುಚಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಅಲ್ಯುಮಿನಿಯಮಿನದಾದರೆ ಸೋಪಿನ ನೀರು ಸಾಕು, ಸೋಡಾ ಹಾಕಿದರೆ ಕಪ್ಪಾಗುತ್ತದೆ. ತೂತುಗಳಲ್ಲಿ ನೀರು ನಿಂತಿರುವಾಗ ಹಚ್ಚಬೇಡಿ, ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ. ವಾಪಸ್ ಇಡುವಾಗ ಬರ್ನರ್ ತನ್ನ ಗುಂಡಿಯಲ್ಲಿ ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ತಿರುಗಿಸಿ ನೋಡಿ. ಸೊಟ್ಟ ಕೂತರೂ ಉರಿ ಒಂದೇ ಕಡೆ ಹಳದಿಯಾಗುತ್ತದೆ.

ಅಂದಹಾಗೆ, ಸಾರು ಕುದಿಯುವಾಗ ಎರಡು ಹನಿ ಸಿಡಿದು ಉರಿ ಥಟ್ಟನೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಅದು ಉಪ್ಪಿನಲ್ಲಿರುವ ಸೋಡಿಯಮ್ಮಿನ ಬಣ್ಣ, ಕ್ಷಣದಲ್ಲಿ ಹೋಗುತ್ತದೆ. ಒಂದೇ ಸಮ ನಿಲ್ಲುವ ಹಳದಿಗೆ ಮಾತ್ರ ಚಿಂತೆ ಮಾಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ ಪೈಪ್ ಗ್ಯಾಸ್ ಬಂದಿದೆ. ಎರಡು ವರ್ಷದ ಹಿಂದೆ ತಂದ ಒಲೆಗೆ ಪರಿಚಯದ ಪ್ಲಂಬರ್ ಒಬ್ಬ ಪೈಪು ಜೋಡಿಸಿಕೊಟ್ಟ. ಉರಿ ದೀಪದ ಕುಡಿಯಷ್ಟೇ ಬರುತ್ತಿದೆ, ಅನ್ನ ಬೇಯಲು ಮುಕ್ಕಾಲು ಗಂಟೆ. ಒತ್ತಡ ಕಡಿಮೆ ಎಂದು ದೂರು ಕೊಡಬೇಕೇ?
— ಬೆಂಗಳೂರು

ಉತ್ತರ: ದೂರು ಕೊಡುವ ಮುಂಚೆ ಜೆಟ್ ಬದಲಾಯಿಸಿದ್ದಾರೆಯೇ ಕೇಳಿ. ಇಲ್ಲ ಎಂದೇ ನನ್ನ ಊಹೆ.

ಸಿಲಿಂಡರಿನಲ್ಲಿರುವ ಎಲ್‌ಪಿಜಿ ಪ್ರೊಪೇನ್, ಬ್ಯುಟೇನುಗಳ ಮಿಶ್ರಣ. ಪೈಪಿನಲ್ಲಿ ಬರುವುದು ಮುಖ್ಯವಾಗಿ ಮೀಥೇನ್. ಅಷ್ಟೇ ಗಾತ್ರದ ಎಲ್‌ಪಿಜಿಯಲ್ಲಿ ಮೀಥೇನಿನ ಎರಡು ಪಟ್ಟಿಗೂ ಮೀರಿದ ಶಾಖವಿದೆ. ಒತ್ತಡವೂ ಬೇರೆ: ಮನೆಯ ಸಿಲಿಂಡರಿನ ರೆಗ್ಯುಲೇಟರ್ ಬಿಡುವುದು ಸುಮಾರು 30 ಮಿಲಿಬಾರ್, ಪೈಪಿನಲ್ಲಿ ಒಲೆಗೆ ಬರುವುದು ಸುಮಾರು 21. ಅಂದರೆ ಪೈಪ್ ಗ್ಯಾಸಿಗೆ ದೊಡ್ಡ ತೂತಿನ ಜೆಟ್ ಬೇಕು. ನಿಮ್ಮ ಒಲೆಯಲ್ಲಿ ಎಲ್‌ಪಿಜಿ ಜೆಟ್ಟೇ ಉಳಿದಿದೆ, ಹಾಗಾಗಿ ಉರಿ ಕುಡಿಯಷ್ಟು. ಇದನ್ನು ಮಾಡಬೇಕಾದವರು ಗ್ಯಾಸ್ ಕಂಪನಿಯ ತಂತ್ರಜ್ಞರು ಅಥವಾ ಒಲೆ ಕಂಪನಿಯವರು. ನಲ್ಲಿ ಜೋಡಿಸುವ ಕೈಗೆ ಗ್ಯಾಸ್ ಪೈಪು ಕೊಟ್ಟಿದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಅವನು ಹಾಕಿದ ಜಾಯಿಂಟುಗಳನ್ನೂ ಅವರಿಂದಲೇ ಪರೀಕ್ಷೆ ಮಾಡಿಸಿ.

ಬಿಚ್ಚಿದ ಹಳೆಯ ಜೆಟ್ಟುಗಳನ್ನು ಬಿಸಾಡಬೇಡಿ. ಪುಟ್ಟ ಪೊಟ್ಟಣ ಕಟ್ಟಿ, ‘ಸಿಲಿಂಡರ್ ಜೆಟ್’ ಎಂದು ಬರೆದು, ಒಲೆಯ ಬಿಲ್ಲಿನ ಜೊತೆ ಇಡಿ. ಯಾಕೆಂದರೆ ನಮ್ಮಲ್ಲಿ ಹೊಸ ಒಲೆ ಬಂದ ತಕ್ಷಣ ಹಳೆಯದು ಊರಿಗೆ ಹೋಗುತ್ತದೆ, ಅಮ್ಮನಿಗೋ ಚಿಕ್ಕಮ್ಮನಿಗೋ. ದೊಡ್ಡ ತೂತಿನ ಜೆಟ್ ಇರುವ ಒಲೆಯನ್ನು ಊರಿನ ಸಿಲಿಂಡರಿಗೆ ಜೋಡಿಸಿದರೆ ಉರಿ ಮೊಳದುದ್ದ ಏಳುತ್ತದೆ, ಅದೂ ಹಳದಿ ಉರಿ. ಕಡಿಮೆ ಉರಿಯಿಂದ ಅನ್ನ ತಡವಾಗುತ್ತದೆ ಅಷ್ಟೇ. ಇದರಿಂದ ಸೀರೆಗೆ ಬೆಂಕಿ ಹತ್ತುತ್ತದೆ.

ಇನ್ನೊಂದು ವ್ಯತ್ಯಾಸ ಮನಸ್ಸಿನಲ್ಲಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಮೀಥೇನ್ ಹಗುರ, ಮೇಲಕ್ಕೇರುತ್ತದೆ. ಅಡುಗೆಮನೆಯ ಮೇಲಿನ ಗವಾಕ್ಷಿಯನ್ನು ಗಾಜು ಹಾಕಿ ಮುಚ್ಚಿಸಿದ್ದರೆ ತೆರೆಸಿ. ಊರಿಗೆ ಹೊರಡುವ ದಿನ ಹಾಲಿನವನಿಗೆ ಹೇಳುವಷ್ಟೇ ನೆನಪಾಗಿ ಗ್ಯಾಸ್ ಪೈಪಿನ ವಾಲ್ವ್ ಮುಚ್ಚಿ.

ಪ್ರಶ್ನೆ: ನಾವು ಟೆಕ್ಸಾಸಿನಲ್ಲಿದ್ದೇವೆ. 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಕರೆಂಟು ಹೋದಾಗ ಗ್ಯಾಸ್ ರೇಂಜ್ ಇದ್ದೂ ಓವನ್ ಹತ್ತಲಿಲ್ಲ. ಗ್ಯಾಸ್ ಒಲೆಗೆ ಕರೆಂಟು ಯಾಕೆ ಬೇಕು? ಈಗ ಕರೆಂಟಿದ್ದರೂ ಓವನ್ ಬಿಸಿಯಾಗಲು ತುಂಬ ಹೊತ್ತು ತೆಗೆದುಕೊಳ್ಳುತ್ತಿದೆ.

ಉತ್ತರ: ನಿಮ್ಮ ರೇಂಜಿನಲ್ಲಿ ಎರಡು ಒಲೆ ಇವೆ ಎಂದುಕೊಳ್ಳಿ. ಮೇಲಿನ ಬರ್ನರುಗಳಿಗೆ ಕರೆಂಟು ಬೇಕಿರುವುದು ಟಿಕ್ ಟಿಕ್ ಎಂದು ಕಿಡಿ ಹಾರಿಸುವುದಕ್ಕಷ್ಟೇ. ಬಹುತೇಕ ಮಾದರಿಗಳಲ್ಲಿ ಕರೆಂಟಿಲ್ಲದಾಗ ಉದ್ದನೆಯ ಕಡ್ಡಿ ಗೀರಿ ಬರ್ನರಿನ ಬಳಿ ಹಿಡಿದು, ಆಮೇಲೆ ನಾಬ್ ಸಣ್ಣಗೆ ತಿರುಗಿಸಿ ಹಚ್ಚಬಹುದು. ಕಡ್ಡಿ ಮೊದಲು, ಗ್ಯಾಸು ಆಮೇಲೆ. ಕೈಪಿಡಿಯಲ್ಲಿ ಒಮ್ಮೆ ನೋಡಿಕೊಳ್ಳಿ.

ಓವನ್ನಿನ ಕಥೆ ಬೇರೆ. ಈಗಿನ ಓವನ್ನುಗಳಲ್ಲಿ ಹೆಚ್ಚಾಗಿ ಕೆಂಪಗೆ ಕಾಯುವ ಒಂದು ಇಗ್ನೈಟರ್ ಇರುತ್ತದೆ. ಅದರ ಮೂಲಕ ಸುಮಾರು 3 ಆಂಪಿಯರ್ ಹರಿದರೆ ಮಾತ್ರ ಗ್ಯಾಸಿನ ವಾಲ್ವ್ ತೆರೆಯುತ್ತದೆ. ಕರೆಂಟಿಲ್ಲ ಎಂದರೆ ಗ್ಯಾಸೂ ಇಲ್ಲ. ಇದು ದೋಷವಲ್ಲ, ಹತ್ತದ ಓವನ್ನಿನೊಳಗೆ ಗ್ಯಾಸು ತುಂಬದಿರಲಿ ಎಂದು ಮಾಡಿದ ಏರ್ಪಾಡು. ಅದಕ್ಕೆ ಕಡ್ಡಿ ಗೀರಲು ಹೋಗಬೇಡಿ. ಇಗ್ನೈಟರ್ ಹಳೆಯದಾದ ಮೇಲೂ ಕೆಂಪಾಗುತ್ತದೆ, ಆದರೆ ವಾಲ್ವ್ ತೆರೆಯುವಷ್ಟು ಕರೆಂಟು ಬೇಗ ಹರಿಯುವುದಿಲ್ಲ. ನಿಮ್ಮ ಎರಡನೆಯ ದೂರಿಗೆ ಬಹುಶಃ ಅದೇ ಕಾರಣ. ಕೆಂಪಾಗಿ ಒಂದೂವರೆ ನಿಮಿಷವಾದರೂ ಉರಿ ಬರದಿದ್ದರೆ ಇಗ್ನೈಟರ್ ಬದಲಾಯಿಸುವ ಕಾಲ ಬಂತು.

ಚಳಿ ಎಂದು ಮೇಲಿನ ಬರ್ನರುಗಳನ್ನು ಹಚ್ಚಿಟ್ಟು ಮನೆ ಬಿಸಿ ಮಾಡಬೇಡಿ. ಕಿಟಕಿ ಬಾಗಿಲು ಜಡಿದ ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಕಟ್ಟಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಗುರುತಿಸುವ ಅಲಾರಂ ಒಂದನ್ನು, ಬ್ಯಾಟರಿಯದ್ದು, ಮಲಗುವ ಕೋಣೆಯ ಹತ್ತಿರ ಹಾಕಿಸಿ.

ಪ್ರಶ್ನೆ: ಹೊಸ ಹಾಬ್ ಹಾಕಿಸಿದೆವು. ನಾಬ್ ಒತ್ತಿ ಹಿಡಿದಾಗ ಉರಿಯುತ್ತದೆ, ಬಿಟ್ಟ ತಕ್ಷಣ ಆರುತ್ತದೆ.
— ಉಡುಪಿ

ಉತ್ತರ: ಬರ್ನರಿನ ಪಕ್ಕ ಬೆಂಕಿಕಡ್ಡಿ ದಪ್ಪದ ಎರಡು ಮೊನೆ ಕಾಣುತ್ತವಲ್ಲ, ಬಿಳಿ ಪಿಂಗಾಣಿಯದು ಕಿಡಿ ಹಾರಿಸುವುದು, ಬರೀ ಲೋಹದ್ದು ಉರಿ ಇದೆಯೋ ಇಲ್ಲವೋ ನೋಡುವುದು. ಅದು ಕಾದಾಗ ಹುಟ್ಟುವ ಕೆಲವೇ ಮಿಲಿವೋಲ್ಟ್ ವಿದ್ಯುತ್ತು ಗ್ಯಾಸಿನ ವಾಲ್ವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಲು ಉಕ್ಕಿ ಉರಿ ಆರಿದರೆ ಗ್ಯಾಸನ್ನು ತಾನೇ ನಿಲ್ಲಿಸುವುದೂ ಇದೇ. ಹತ್ತಿದ ಮೇಲೂ ಐದಾರು ಸೆಕೆಂಡ್ ನಾಬ್ ಒತ್ತಿ ಹಿಡಿಯಿರಿ. ಆಗಲೂ ಆರಿದರೆ ಆ ಮೊನೆಯ ಜಿಡ್ಡು ಒರೆಸಿ. ಕಿಡಿಯೇ ಬರದಿದ್ದರೆ ಕೆಳಗಿನ 1.5 ವೋಲ್ಟಿನ ಸೆಲ್ ಬದಲಿಸಿ, ಮೆಕ್ಯಾನಿಕ್ ಕರೆಸುವುದು ಆಮೇಲೆ.

ಪ್ರಶ್ನೆ: ಒಲೆ ಚೆನ್ನಾಗಿದೆ, ಆದರೆ ಬೆಳಿಗ್ಗೆ ಅಡುಗೆಮನೆಯಲ್ಲಿ ಸಣ್ಣಗೆ ಗ್ಯಾಸ್ ವಾಸನೆ. ಪೈಪು ಎಷ್ಟು ವರ್ಷದ್ದೋ ನೆನಪಿಲ್ಲ.
— ನಿವೃತ್ತ ಶಿಕ್ಷಕರು, ಗದಗ

ಉತ್ತರ: ನೆನಪಿಲ್ಲ ಎಂದರೆ ಬದಲಾಯಿಸುವ ಕಾಲ ಮೀರಿದೆ ಎಂದೇ ಅರ್ಥ ಸಾರ್. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿಗೆ 5 ವರ್ಷ ಅವಧಿ. ಇಲಿ ಕಚ್ಚಿದ್ದರೆ, ಬಗ್ಗಿಸಿದಾಗ ಬಿರುಕು ಕಂಡರೆ ಅದಕ್ಕೂ ಮುಂಚೆಯೇ ಬದಲಿಸಿ. ಪೈಪಿಗೆ ಬಟ್ಟೆ ಸುತ್ತಿದ್ದರೆ ಮೊದಲು ಬಿಚ್ಚಿ, ಬಿರುಕು ಕಾಣುವುದೇ ಇಲ್ಲ.

ಪರೀಕ್ಷೆಗೆ ಸೋಪಿನ ನೊರೆ ಸಾಕು. ಒಲೆಯ ನಾಬುಗಳೆಲ್ಲ ಮುಚ್ಚಿರಲಿ, ರೆಗ್ಯುಲೇಟರ್ ಮಾತ್ರ ಆನ್ ಮಾಡಿ, ಪೈಪಿನ ಎರಡೂ ತುದಿಗೆ ನೊರೆ ಹಚ್ಚಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಕಡ್ಡಿ ಗೀರಿ ನೋಡುವ ಹಳೆಯ ಅಭ್ಯಾಸ ಯಾರಿಗಿದ್ದರೂ ಬಿಡಿಸಿ. ಹೊಸ ಸಿಲಿಂಡರ್ ಬಂದಾಗ ಹಿಡಿಕೆಯ ಒಳಪಟ್ಟಿಯಲ್ಲಿ ಒಂದು ಅಕ್ಷರ, ಎರಡು ಅಂಕಿ ಕಾಣುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲಿನಿಂದ ಜೂನ್, ಸಿ ಸೆಪ್ಟೆಂಬರಿನವರೆಗೆ, ಡಿ ಡಿಸೆಂಬರಿನವರೆಗೆ, ಅಂಕಿ ವರ್ಷದ್ದು. ಅದು ಸಿಲಿಂಡರಿನ ಮರುಪರೀಕ್ಷೆಯ ಗಡುವು, ಗ್ಯಾಸಿನದ್ದಲ್ಲ. ಗಡುವು ದಾಟಿದ್ದನ್ನು ಬಾಗಿಲಲ್ಲೇ ವಾಪಸ್ ಕಳಿಸಿ.

ವಾಸನೆ ಜೋರಾಗಿದ್ದರೆ ಲೈಟಿನ ಸ್ವಿಚ್ಚನ್ನು ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ತೆಗೆದು, ದಾರಕ್ಕೆ ಕಟ್ಟಿರುವ ಮುಚ್ಚಳವನ್ನು ಸಿಲಿಂಡರಿನ ಬಾಯಿಗೆ ಒತ್ತಿ, ಕಿಟಕಿ ಬಾಗಿಲು ತೆರೆದು, ಅಂಗಳಕ್ಕೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ. ಆ ಮುಚ್ಚಳದ ದಾರವನ್ನು ಕತ್ತರಿಸಿ ಮಕ್ಕಳ ಕೈಗೆ ಆಡಲು ಕೊಟ್ಟಿದ್ದರೆ, ಇವತ್ತು ಸಂಜೆಯೇ ಹುಡುಕಿಸಿ ಇಡಿ.