ಸಂಪಾದಕರ ಉತ್ತರ: ಗೋಷ್ಠಿಯಲ್ಲಿ ಪುಸ್ತಕ ಬಿಚ್ಚುವ ಬಗೆ

ಬಾಗಲಕೋಟೆ ನವನಗರದ ಓದುಗರಿಗೆ, ಶರಣು.

ತಮ್ಮ ಬಡಾವಣೆಯ ಬಸವ ಬಳಗದ ಮಾಸಿಕ ಶಿವಾನುಭವ ಗೋಷ್ಠಿಗೆ, ಅಂದರೆ ಶರಣರ ವಚನಗಳ ಚಿಂತನೆಗಾಗಿ ಕೂಡುವ ಸಭೆಗೆ, ಮೂವತ್ತು ಜನ ಸೇರುತ್ತಾರೆಂದೂ, ಒಬ್ಬರು ಒಂದು ತಾಸು ಉಪನ್ಯಾಸ ಮಾಡಿದ ಮೇಲೆ ಮಂಗಲ, ಪ್ರಸಾದ ಮುಗಿಸಿ ಎಲ್ಲರೂ ಮನೆಗೆ ಹೋಗುತ್ತಾರೆಂದೂ, ಮರುದಿನ ಕೇಳಿದರೆ ಒಂದು ಮಾತೂ ನೆನಪಿರುವುದಿಲ್ಲವೆಂದೂ ಬರೆದಿದ್ದೀರಿ. ಇದರ ಬದಲು ಒಂದು ಪುಸ್ತಕವನ್ನು ಹಿಡಿದು ಎಲ್ಲರೂ ಓದಿ ಚರ್ಚಿಸೋಣವೆಂದು ತಾವು ಸೂಚಿಸಿದಾಗ, ಬಲ್ಲವರಿಲ್ಲದೆ ಓದಿದರೆ ಅಪಾರ್ಥವಾಗುತ್ತದೆಂದು ಹಿರಿಯರು ತಡೆದರಂತೆ. ಅವರಿಗೆ ಏನು ಹೇಳಬೇಕು, ಯಾವ ಪುಸ್ತಕದಿಂದ ಆರಂಭಿಸಬೇಕು ಎಂಬುದು ತಮ್ಮ ಪ್ರಶ್ನೆ.

ಹಿರಿಯರ ಅಂಜಿಕೆ ಬುಡವಿಲ್ಲದ್ದಲ್ಲ. ಒಗಟಿನಂತೆ ಒಳ ಅರ್ಥ ಅಡಗಿಸಿಟ್ಟ ಬೆಡಗಿನ ವಚನಗಳಿಗೆ ಬಾಯಿಗೆ ಬಂದ ಅರ್ಥ ಹಚ್ಚುವುದನ್ನು ನಾನೂ ಕೇಳಿ ನೊಂದಿದ್ದೇನೆ. ಆದರೆ ಪುಸ್ತಕ ಮುಚ್ಚಿಟ್ಟರೆ ಆ ಅಪಾರ್ಥ ನಿಲ್ಲುವುದಿಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಹಲವು ಊರುಗಳ ಮನೆ, ಮಠಗಳಿಂದ ವಚನದ ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. 1925ರಲ್ಲಿ ಇದ್ದ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಇಷ್ಟೆಲ್ಲ ಕಷ್ಟಪಟ್ಟದ್ದು ಜನ ಓದಲೆಂದು. ಇಂದು ಸಮಾರಂಭದಲ್ಲಿ ಶಾಲಿನ ಜೊತೆ ಕೊಟ್ಟ ವಚನದ ಪುಸ್ತಕ, ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಹರಿಯದೆ, ದೇವರ ಜಗಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಕೂತಿರುವುದನ್ನು ಕಂಡಾಗ ನನ್ನ ಕರುಳು ಚುರ್ರೆನ್ನುತ್ತದೆ.

ಹಲವು ವರ್ಷಗಳ ಹಿಂದೆ ಖಣವೆಂಬ ಕುಪ್ಪಸದ ಬಟ್ಟೆ ನೇಯುವ ಗುಳೇದಗುಡ್ಡದ ನೇಕಾರರ ಓಣಿಯೊಂದರಲ್ಲಿ ಇಂಥ ಓದಿಗೆ ಕೂತಿದ್ದೆ. ಅಂದು ಹನ್ನೆರಡನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ವಚನ. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ, ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮ “ಈಸಕ್ಕಿಯಾಸೆ ನಿಮಗೇಕೆ?” ಎಂದು ಕೇಳಿ, ಹೆಚ್ಚಿನದನ್ನು ತಿರುಗಿ ಸುರಿದು ಬರಲು ಹೇಳುತ್ತಾಳೆ. ಓದಿದವನು ಒಬ್ಬ ಕಾಲೇಜು ಹುಡುಗ. ಅವನು ಅರ್ಥ ಹೇಳಲು ಬಾಯಿ ತೆರೆಯುವ ಮೊದಲೇ, ಬಾಗಿಲ ಬಳಿ ಕೂತಿದ್ದ, ಅಕ್ಷರ ಬಾರದ ಅಜ್ಜಿಯೊಬ್ಬಳು, “ತಮ್ಮಾ, ಸಾವ್ಕಾರ ಕೊಟ್ಟ ನೂಲಿನ್ಯಾಗ ಖಣ ನೇದು ಉಳಿದ ಎಳಿ ಯಾರದು? ಅದನ್ನೂ ತಿರುಗಿ ಕೊಡಬೇಕೇನು?” ಎಂದಳು. ಸಭೆ ಸ್ತಬ್ಧವಾಯಿತು. ಆಮೇಲೆ ಒಂದು ತಾಸು ನಡೆದ ಮಾತಿನಲ್ಲಿ ಕೂಲಿ ಕಡಿಮೆ ಕೊಡುವವನಿಗೆ ಎಳೆ ತಿರುಗಿ ಕೊಡುವುದು ನ್ಯಾಯವೇ ಎಂದು ಒಬ್ಬರು ಕೇಳಿದರು. ಲಕ್ಕಮ್ಮ ಪ್ರಶ್ನಿಸಿದ್ದು ತನ್ನ ಮನೆಯ ಆಸೆಯನ್ನು, ಬೇರೆಯವರ ಲೆಕ್ಕವನ್ನಲ್ಲ ಎಂದು ಇನ್ನೊಬ್ಬರು ಹೇಳಿದರು. ತೀರ್ಮಾನವಾಗಲಿಲ್ಲ. ಆ ವಚನದ ಮೇಲೆ ನಾನು ಕೇಳಿದ ಯಾವ ಉಪನ್ಯಾಸವೂ ನನ್ನಲ್ಲಿ ಅಷ್ಟು ಆಳವಾಗಿ ಇಳಿದಿಲ್ಲ.

ಆದ್ದರಿಂದ ತಮ್ಮ ಹಿರಿಯರಿಗೆ ಹೀಗೆ ಹೇಳಿರಿ. ಪದದ ಅರ್ಥ ತಿಳಿಯದಿದ್ದರೆ, ಅಚ್ಚಾದ ವಚನದ ಪಾಠ ಸರಿಯೋ ತಪ್ಪೋ ಎಂಬ ಸಂದೇಹ ಬಂದರೆ, ಅದನ್ನು ಬಾಯಿಮಾತಿನಲ್ಲಿ ತೀರಿಸದೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳನ್ನು ನೋಡಿ, ಬಲ್ಲವರನ್ನು ಕೇಳಿ ಮುಂದಿನ ತಿಂಗಳು ತಿಳಿಸಬೇಕು. ಹಿರಿಯರು ವಹಿಸಿಕೊಳ್ಳಬೇಕಾದ ಹೊಣೆ ಇದೇ. ಆದರೆ ಈ ವಚನ ನನ್ನ ಬದುಕಿಗೆ ಏನು ಕೇಳುತ್ತಿದೆ ಎಂಬ ಪ್ರಶ್ನೆಗೆ ಆ ಅಜ್ಜಿಯಷ್ಟೇ ಹಕ್ಕು ಪ್ರತಿಯೊಬ್ಬರಿಗೂ ಇದೆ.

ಮೂವತ್ತು ಜನ ಒಂದೇ ಕಡೆ ಕೂತರೆ ಮಾತಾಡುವವರು ನಾಲ್ವರೇ ಆಗುತ್ತಾರೆ. ಹತ್ತು ಹತ್ತು ಜನರಂತೆ ಮೂರು ಗುಂಪು ಮಾಡಿರಿ. ಮನೆಯಲ್ಲಿ ಓದಿಕೊಂಡು ಬರಬೇಕೆಂಬ ನಿಯಮ ಬೇಡ, ಏಕೆಂದರೆ ಓದಲು ಬಾರದವರು ಅದರಿಂದಲೇ ಹೊರಗುಳಿಯುತ್ತಾರೆ. ಗೋಷ್ಠಿಯಲ್ಲಿಯೇ ಗಟ್ಟಿಯಾಗಿ ಎರಡು ಸಲ ಓದಿಸಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು, ಆಮೇಲೆ ಮಾತು ತೆಗೆಯಿರಿ. ನಡೆಸಿಕೊಡುವ ಹೊಣೆ ಪ್ರತಿ ತಿಂಗಳು ಬದಲಾಗಲಿ. ಹಾಗೆ ನಡೆಸುವವರು ಕೊನೆಗೆ ‘ಸಾರಾಂಶವೇನೆಂದರೆ’ ಎಂದು ತೀರ್ಪು ಕೊಡುವ ಚಾಳಿಯನ್ನು ದಯವಿಟ್ಟು ಬಿಡಬೇಕು. ಅಲ್ಲಿಯವರೆಗೆ ನಡೆದದ್ದೆಲ್ಲ ಅದೊಂದರಿಂದಲೇ ಮತ್ತೆ ಉಪನ್ಯಾಸವಾಗಿಬಿಡುತ್ತದೆ.

ಪುಸ್ತಕದ ವಿಷಯ. ವಚನಗಳನ್ನು ಜೋಡಿಸಿ ಕಟ್ಟಿದ ‘ಶೂನ್ಯಸಂಪಾದನೆ’ ಎಂಬ ಗ್ರಂಥ ಶರಣರ ಸಂವಾದದ ರೂಪದಲ್ಲಿಯೇ ಇರುವುದರಿಂದ ಚರ್ಚೆಗೆ ಅದೇ ತಕ್ಕದ್ದೆಂದು ಯಾರಾದರೂ ಹೇಳಬಹುದು; ಮೊದಲ ವರ್ಷಕ್ಕೆ ಅದು ಭಾರ. ಅದರ ಬದಲು ಲಕ್ಕಮ್ಮನ ವಚನಗಳಿಂದ ಆರಂಭಿಸಿರಿ. ಅವು ಸಿಕ್ಕಿರುವುದು 25 ಮಾತ್ರ. ತಿಂಗಳಿಗೆ ಎರಡರಂತೆ ಓದಿದರೆ ಒಂದು ವರ್ಷಕ್ಕೆ ಸಾಕು. ಪ್ರತಿಗಳು ಸಿಗದಿದ್ದರೆ ದೊಡ್ಡ ಅಕ್ಷರದಲ್ಲಿ ಝೆರಾಕ್ಸ್ ಮಾಡಿಸಿ ಹಂಚಿರಿ. ಮೊದಲ ಗೋಷ್ಠಿಯ ದಿನ ನನಗೂ ತಿಳಿಸಿರಿ. ಬಂದು ಹಿಂದಿನ ಸಾಲಿನಲ್ಲಿ ಕೂಡುತ್ತೇನೆ.

— ಸಂಪಾದಕ